ಎಡ್ಡಿ ಮಾಬೊ: ‘ಯಾರದ್ದೂ ಅಲ್ಲದ ನೆಲ’ ಎಂಬ ಸುಳ್ಳನ್ನು ಕೋರ್ಟಿಗೆಳೆದ ತೋಟದ ಮಾಲಿ

ಮಾಬೊ ಎಂಬ ಹೆಸರನ್ನು ನಾನು ಮೊದಲು ಓದಿದ್ದು ಒಂದು ಮೊಕದ್ದಮೆಯ ಹೆಸರಾಗಿ. ಕಾನೂನು ಕಾಲೇಜಿನಲ್ಲಿ ಆಸ್ಟ್ರೇಲಿಯಾದ 1992ರ ಆ ತೀರ್ಪನ್ನು ನಮ್ಮ ಮೇಷ್ಟ್ರು ಎರಡೇ ವಾಕ್ಯದಲ್ಲಿ ಮುಗಿಸಿದ್ದರು. ಪರೀಕ್ಷೆಗೆ ಅಷ್ಟು ಸಾಕಿತ್ತು. ಆ ಹೆಸರಿನ ಹಿಂದೆ ಒಬ್ಬ ತೋಟದ ಮಾಲಿ ಇದ್ದರು, ಹತ್ತು ಮಕ್ಕಳ ತಂದೆ ಇದ್ದರು, ಸಾಯುತ್ತಿದ್ದ ಅಪ್ಪನನ್ನು ನೋಡಲು ಹುಟ್ಟೂರಿಗೆ ಹೋಗೋಕೂ ಸರ್ಕಾರದ ಅನುಮತಿ ಕೇಳಬೇಕಾಗಿ ಬಂದ ಮಗ ಇದ್ದರು ಅನ್ನೋದು ನನಗೆ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ. ಅದೂ ಎಚ್.ಡಿ. ಕೋಟೆ ಕಡೆಯ ಒಂದು ಹಾಡಿಯಲ್ಲಿ ಜನರಿಗೆ ಅರಣ್ಯ ಹಕ್ಕಿನ ಅರ್ಜಿ ಬರೆದುಕೊಡುತ್ತಿದ್ದ ದಿನಗಳಲ್ಲಿ. ಆ ಹಾಡಿಯ ವಿಷಯಕ್ಕೆ ಕೊನೆಯಲ್ಲಿ ಬರ್ತೇನೆ. ಮೊದಲು ಮಾಬೊ ಅವರ ಕತೆ ಹೇಳಬೇಕು.

ಆಸ್ಟ್ರೇಲಿಯಾದ ಉತ್ತರ ತುದಿಗೂ ಪಪುವಾ ನ್ಯೂಗಿನಿಗೂ ನಡುವೆ ಟಾರೆಸ್ ಜಲಸಂಧಿ ಇದೆ. ಅದರ ಪೂರ್ವದ ಅಂಚಿನಲ್ಲಿ ಮೇರ್ ಅನ್ನೋ ಪುಟ್ಟ ದ್ವೀಪ. ಇಂಗ್ಲಿಷರು ಅದಕ್ಕಿಟ್ಟ ಹೆಸರು ಮರ್ರೆ ದ್ವೀಪ. ಪಕ್ಕದ ಇನ್ನೆರಡು ಸಣ್ಣ ದ್ವೀಪಗಳನ್ನೂ ಸೇರಿಸಿದರೆ ಒಟ್ಟು ನೆಲ ಸುಮಾರು 9 ಚದರ ಕಿಲೋಮೀಟರ್, ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯ ಸರಹದ್ದಿನಷ್ಟು. ಅಲ್ಲಿನ ಲಾಸ್ ಎಂಬ ಊರಿನಲ್ಲಿ 1936ರ ಜೂನ್ 29ರಂದು ಎಡ್ಡಿ ಕೊಯಿಕಿ ಹುಟ್ಟಿದ. ಹೆತ್ತ ತಾಯಿ ಬಾಣಂತನದಲ್ಲೇ ತೀರಿಕೊಂಡರು. ಸೋದರಮಾವ ಬೆನ್ನಿ ಮಾಬೊ ಮತ್ತು ಅವರ ಹೆಂಡತಿ ಮೈಗಾ ಆ ಕೂಸನ್ನು ತಮ್ಮ ಮಗನಾಗಿ ಸಾಕಿಕೊಂಡರು. ದ್ವೀಪದ ಪದ್ಧತಿಯಲ್ಲಿ ಸಾಕುಮಗ ಅಂದರೆ ಮಗನೇ. ಹೆಸರು, ಮನೆತನ, ಜಮೀನು ಎಲ್ಲದಕ್ಕೂ ಹಕ್ಕುದಾರ. ಮುಂದೆ ಕೋರ್ಟಿನಲ್ಲಿ ಈ ಮಾತು ಎಷ್ಟು ಮುಖ್ಯವಾಗುತ್ತೆ ಅನ್ನೋದು ಆಗ ಯಾರಿಗೂ ಗೊತ್ತಿರಲಿಲ್ಲ.

ಮೇರಿಯಂ ಜನ ಸಮುದ್ರದ ಮೀನು ನಂಬಿಕೊಂಡವರಷ್ಟೇ ಅಲ್ಲ, ಅಪ್ಪಟ ತೋಟಗಾರರು. ಗೆಣಸು, ಬಾಳೆ, ತೆಂಗು ಬೆಳೆಯುವವರು. ಅಲ್ಲಿ ಒಂದೊಂದು ತುಂಡು ನೆಲಕ್ಕೂ ಒಡೆಯರಿದ್ದರು. ಪಹಣಿ ಇರಲಿಲ್ಲ, ನಕ್ಷೆ ಇರಲಿಲ್ಲ. ಈ ಕಲ್ಲಿನಿಂದ ಆ ಮರದವರೆಗೆ ನಮ್ಮದು, ಆಚೆಗಿನದು ಅವರದು ಅಂತ ಹಿರಿಯರು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಬಾಯಿಂದ ಬಾಯಿಗೆ ಹಕ್ಕು ದಾಟುತ್ತಿತ್ತು. ಇದಕ್ಕೆಲ್ಲ ಮೂಲವಾಗಿ ಮಾಲೊ ಎಂಬ ದೈವದ ಕಟ್ಟಳೆ ಇತ್ತು. ಇನ್ನೊಬ್ಬರ ನೆಲಕ್ಕೆ ಕಾಲಿಡಬಾರದು, ಇನ್ನೊಬ್ಬರ ಫಸಲಿಗೆ ಕೈ ಹಾಕಬಾರದು ಅನ್ನೋದು ಅದರ ಸಾರ. ಪುಟ್ಟ ಎಡ್ಡಿ ತನ್ನ ಮನೆತನದ ತೋಟಗಳ ಗಡಿಯನ್ನು ಕಲಿತದ್ದು ಹೀಗೆ, ಹಿರಿಯರ ಜೊತೆ ನಡೆದು.

ಆದರೆ ಆತ ಹುಟ್ಟುವ 57 ವರ್ಷ ಮೊದಲೇ, 1879ರಲ್ಲಿ, ಕ್ವೀನ್ಸ್‌ಲ್ಯಾಂಡ್ ಎಂಬ ಬ್ರಿಟಿಷ್ ವಸಾಹತು ಮೇರ್ ದ್ವೀಪವನ್ನು ತನ್ನೊಳಗೆ ಸೇರಿಸಿಕೊಂಡಿತ್ತು. ಕಾಗದದ ಮೇಲೆ ಆ ದಿನದಿಂದ ನೆಲ ರಾಣಿಯದು. ಆಮೇಲೆ ಅದೇ ಸರ್ಕಾರ ಆ ದ್ವೀಪವನ್ನು ಅಲ್ಲಿನ ಮೂಲನಿವಾಸಿಗಳ ಬಳಕೆಗೆ ಮೀಸಲು ಅಂತ ಘೋಷಿಸಿತು. ಅಂದರೆ ಅವರದೇ ನೆಲದಲ್ಲಿ ಅವರು ಇರುವುದು ಸರ್ಕಾರದ ಔದಾರ್ಯ ಆಯಿತು. ದ್ವೀಪದಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಜನ ತಮ್ಮ ತಮ್ಮ ತೋಟ ಮಾಡಿಕೊಂಡೇ ಇದ್ದರು. ನೆಲ ತಮ್ಮ ಕೈ ತಪ್ಪಿದೆ ಅಂತ ಅವರಿಗೆ ಬಂದು ಹೇಳಿದವರೂ ಇಲ್ಲ.

ಇದಕ್ಕೆ ಕಾನೂನಿನ ಬಲ ಎಲ್ಲಿಂದ ಬಂತು ಅನ್ನೋದನ್ನ ಸ್ವಲ್ಪ ನೋಡೋಣ. ಆ ಕಾಲದ ಇಂಗ್ಲಿಷ್ ಕಾನೂನಿನ ಪ್ರಕಾರ ಹೊಸ ನೆಲ ದೊರೆಯ ವಶಕ್ಕೆ ಬರೋಕೆ ಮೂರು ದಾರಿ. ಯುದ್ಧದಲ್ಲಿ ಗೆಲ್ಲಬೇಕು, ಒಪ್ಪಂದದಿಂದ ಪಡೆಯಬೇಕು, ಇಲ್ಲವೇ ಖಾಲಿ ಬಿದ್ದ ನೆಲದಲ್ಲಿ ಹೋಗಿ ನೆಲೆಸಬೇಕು. ಗೆದ್ದ ನೆಲದಲ್ಲಿ, ಒಪ್ಪಂದದ ನೆಲದಲ್ಲಿ ಅಲ್ಲಿನವರ ಕಾನೂನು ಬದಲಾಗುವ ತನಕ ಉಳಿದುಕೊಳ್ಳುತ್ತೆ. ಖಾಲಿ ನೆಲದಲ್ಲಿ ಉಳಿಯೋಕೆ ಏನಿದೆ? ಬಂದವರ ಕಾನೂನೇ ಕಾನೂನು. 1770ರಲ್ಲಿ ಜೇಮ್ಸ್ ಕುಕ್ ಆಸ್ಟ್ರೇಲಿಯಾದ ಪೂರ್ವ ಕರಾವಳಿಯನ್ನು ಇಂಗ್ಲೆಂಡಿನ ದೊರೆಯ ಹೆಸರಿಗೆ ಬರೆದುಕೊಂಡ. ಅಲ್ಲಿನ ಜನರ ಒಪ್ಪಿಗೆ ಪಡೆಯಬೇಕು ಅಂತ ಅವನಿಗೆ ಕೊಟ್ಟ ಗುಪ್ತ ಆದೇಶದಲ್ಲೇ ಇತ್ತು. ಕರಾವಳಿಯುದ್ದಕ್ಕೂ ಅವನು ಜನರನ್ನು ಕಂಡಿದ್ದ, ಅವರು ಹಚ್ಚಿದ ಬೆಂಕಿಯ ಹೊಗೆ ಕಂಡಿದ್ದ. ಒಪ್ಪಿಗೆ ಮಾತ್ರ ಕೇಳಲಿಲ್ಲ.

ಅಲ್ಲಿಂದ ಮುಂದೆ ಒಂದು ಸುಳ್ಳನ್ನು ಕಾಪಾಡೋಕೆ ಇನ್ನೊಂದು ಹುಟ್ಟಿತು. 1835ರಲ್ಲಿ ಜಾನ್ ಬ್ಯಾಟ್‌ಮನ್ ಎಂಬಾತ ಇವತ್ತಿನ ಮೆಲ್ಬರ್ನ್ ಇರುವ ಜಾಗದಲ್ಲಿ ಮೂಲನಿವಾಸಿಗಳ ಜೊತೆ ಒಪ್ಪಂದ ಮಾಡಿಕೊಂಡೆ, ಜಮೀನು ಕೊಂಡೆ ಅಂದ. ಗವರ್ನರ್ ಬರ್ಕ್ ಅದನ್ನು ಅಸಿಂಧು ಅಂತ ಸಾರಿದ. ಜಮೀನು ದೊರೆಯದು, ಮೂಲನಿವಾಸಿಗಳ ಹತ್ತಿರ ಮಾರೋಕೆ ಏನೂ ಇಲ್ಲ ಅನ್ನೋದು ಕಾರಣ. 1889ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ನ್ಯೂ ಸೌತ್ ವೇಲ್ಸ್ ಬ್ರಿಟಿಷರು ಬರುವಾಗ ಹೆಚ್ಚುಕಡಿಮೆ ಖಾಲಿಯಾಗಿತ್ತು, ನೆಲೆನಿಂತ ಕಾನೂನೂ ಇರಲಿಲ್ಲ ಅಂತ ತೀರ್ಪು ಕೊಟ್ಟಿತು. ಟೆರಾ ನಲ್ಲಿಯಸ್, ಅಂದರೆ ಯಾರದ್ದೂ ಅಲ್ಲದ ನೆಲ, ಎಂಬ ಲ್ಯಾಟಿನ್ ಹೆಸರು ಇದಕ್ಕೆ ಅಂಟಿಕೊಂಡಿದ್ದು ಬಹಳ ತಡವಾಗಿ. ಹೆಸರಿಲ್ಲದೆಯೂ ಆ ಕಲ್ಪನೆ ತನ್ನ ಕೆಲಸ ಮಾಡುತ್ತಲೇ ಇತ್ತು.

ಮಾಬೊಗೆ ಇದ್ಯಾವುದೂ ಗೊತ್ತಿರಲಿಲ್ಲ. 16ರ ಆಸುಪಾಸಿನಲ್ಲಿ ಊರ ಕಟ್ಟಳೆ ಮುರಿದ ಅಂತ ದ್ವೀಪದ ಪಂಚಾಯ್ತಿ ಹುಡುಗನನ್ನು ಹೊರಗೆ ಕಳಿಸಿತು. ಚಿಪ್ಪು ಹೆಕ್ಕುವ ದೋಣಿಗಳಲ್ಲಿ ದುಡಿದ, ಆಮೇಲೆ ಆಸ್ಟ್ರೇಲಿಯಾದ ಮುಖ್ಯ ಭೂಭಾಗಕ್ಕೆ ಬಂದು ಕಬ್ಬು ಕಡಿದ, ರೈಲ್ವೆಯಲ್ಲಿ ಹಳಿ ಕೆಲಸ ಮಾಡಿದ. 1959ರಲ್ಲಿ ಬೊನಿಟಾ ನೀಹೌ ಜೊತೆ ಮದುವೆಯಾಯಿತು. ಆಕೆಯ ಹಿರಿಯರು ಪೆಸಿಫಿಕ್ ದ್ವೀಪಗಳಿಂದ ಕಬ್ಬಿನ ತೋಟಗಳ ದುಡಿಮೆಗೆ ಬಂದವರು. ದಂಪತಿ ಟೌನ್ಸ್‌ವಿಲ್ ಪಟ್ಟಣದಲ್ಲಿ ನೆಲೆನಿಂತರು. ಮೂಲನಿವಾಸಿಗಳನ್ನು ಜನಗಣತಿಯಲ್ಲಿ ಎಣಿಸಬೇಕೋ ಬೇಡವೋ ಅನ್ನುವುದೂ ಸೇರಿದ್ದ 1967ರ ಜನಮತಗಣನೆಯ ಹೊತ್ತಿಗೆ ಮಾಬೊ ಸಂಘಟನೆಯಲ್ಲಿ ಮುಂದಿದ್ದರು. ಬಿಳಿಯರ ಶಾಲೆಗಳಲ್ಲಿ ತಮ್ಮ ಮಕ್ಕಳು ತಮ್ಮ ಭಾಷೆ ಮರೆಯುತ್ತಿದ್ದಾರೆ ಅಂತ 1973ರಲ್ಲಿ ಗಂಡ ಹೆಂಡತಿ ಸೇರಿ, ಊರಿನ ಬೇರೆಯವರ ಜೊತೆ, ಕಪ್ಪು ಸಮುದಾಯದ ಶಾಲೆಯನ್ನೇ ಶುರು ಮಾಡಿದರು.

ಈ ನಡುವೆ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ಮಾಲಿ ಕೆಲಸ ಸಿಕ್ಕಿತ್ತು. ಹೆಸರು ಗಮನಿಸಿ, ಅದೇ ಕುಕ್. ಬಿಡುವಾದಾಗ ಮಾಬೊ ಅಲ್ಲಿನ ಲೈಬ್ರರಿಗೆ ಹೋಗಿ, 1898ರಲ್ಲಿ ಕೇಂಬ್ರಿಡ್ಜಿನಿಂದ ತಮ್ಮ ದ್ವೀಪಕ್ಕೆ ಬಂದಿದ್ದ ವಿದ್ವಾಂಸರು ಬರೆದ ಸಂಪುಟಗಳನ್ನು ಓದುತ್ತಿದ್ದರು. ಅಲ್ಲಿನ ಇತಿಹಾಸದ ಅಧ್ಯಾಪಕರಾದ ಹೆನ್ರಿ ರೆನಾಲ್ಡ್ಸ್ ಮತ್ತು ನೋಯೆಲ್ ಲೂಸ್ ಜೊತೆ ಸ್ನೇಹ ಬೆಳೆಯಿತು. 1970ರ ದಶಕದ ಮೊದಲರ್ಧದಲ್ಲಿ ಒಂದು ಮಧ್ಯಾಹ್ನ, ಊಟದ ಹೊತ್ತಲ್ಲಿ, ಮಾಬೊ ಮೇರ್‌ನಲ್ಲಿರುವ ತನ್ನ ಜಮೀನಿನ ಬಗ್ಗೆ ಖುಷಿಯಿಂದ ಮಾತಾಡುತ್ತಿದ್ದರು. ಅಧ್ಯಾಪಕರಿಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಹೇಗೋ ಧೈರ್ಯ ಮಾಡಿ, ಕಾನೂನಿನ ಪ್ರಕಾರ ಆ ನೆಲ ನಿನ್ನದಲ್ಲ, ಸರ್ಕಾರದ್ದು ಅಂತ ಹೇಳಿದರು. ಮಾಬೊಗೆ ನಂಬೋಕೇ ಆಗಲಿಲ್ಲ. ತನ್ನ ಅಪ್ಪನ ತೋಟ ಇನ್ಯಾರದೋ ಹೆಸರಲ್ಲಿದೆ ಅನ್ನೋದನ್ನ ನಲವತ್ತರ ಹತ್ತಿರ ಬಂದ ಮನುಷ್ಯ ಊಟದ ಮೇಜಿನಲ್ಲಿ ತಿಳಿಯಬೇಕಾಯಿತು.

ಅದೇ ವರ್ಷಗಳಲ್ಲಿ ಇನ್ನೊಂದು ಏಟು ಬಿತ್ತು. ಸಾಕುತಂದೆ ಬೆನ್ನಿ ಮಾಬೊ ಕಾಯಿಲೆ ಬಿದ್ದಿದ್ದರು. ನೋಡೋಕೆ ಹೋಗಬೇಕು ಅಂದರೆ ದ್ವೀಪಕ್ಕೆ ಕಾಲಿಡಲು ಅಧಿಕಾರಿಗಳ ಅನುಮತಿ ಬೇಕಿತ್ತು. ಸಂಘಟನೆ, ಹೋರಾಟ ಅಂತ ಓಡಾಡುವ ಮಾಬೊ ಅಲ್ಲಿನವರ ಕಣ್ಣಲ್ಲಿ ಕಿಡಿಗೇಡಿ. ಅನುಮತಿ ಸಿಗಲಿಲ್ಲ. ಕೆಲವು ವಾರಗಳಲ್ಲಿ ಅಪ್ಪ ತೀರಿಕೊಂಡ ಸುದ್ದಿ ಬಂತು. ಜಮೀನಿನ ಪ್ರಶ್ನೆ ಮಾಬೊಗೆ ಬರೀ ತತ್ವದ ಪ್ರಶ್ನೆಯಾಗಿ ಉಳಿಯದೇ ಇದ್ದದ್ದು ಇದರಿಂದ ಅಂತ ನನಗನ್ನಿಸುತ್ತೆ.

1981ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಭೂಮಿ ಹಕ್ಕಿನ ಬಗ್ಗೆ ಒಂದು ಸಮ್ಮೇಳನ ನಡೆಯಿತು. ಮೇರ್‌ನಲ್ಲಿ ಜಮೀನು ಹೇಗೆ ತಲೆಮಾರಿನಿಂದ ತಲೆಮಾರಿಗೆ ದಾಟುತ್ತೆ ಅಂತ ಮಾಬೊ ಅಲ್ಲಿ ಬಿಡಿಸಿ ಹೇಳಿದರು. ಕೂತಿದ್ದ ವಕೀಲರಿಗೆ ಇದು ಕೋರ್ಟಿಗೆ ಹೋಗಬಲ್ಲ ವಿಷಯ ಅನ್ನಿಸಿತು. ಹತ್ತು ವರ್ಷ ಮೊದಲು, 1971ರಲ್ಲಿ, ಉತ್ತರದ ಯೊಲ್ಙು ಜನ ಗಣಿ ಕಂಪನಿಯ ವಿರುದ್ಧ ಹೂಡಿದ್ದ ದಾವೆ ಸೋತಿತ್ತು. ಆ ಜನಕ್ಕೆ ತಮ್ಮದೇ ಕಾನೂನು ವ್ಯವಸ್ಥೆ ಇದೆ ಅಂತ ಒಪ್ಪಿಕೊಂಡ ನ್ಯಾಯಾಧೀಶರು, ಅದು ಆಸ್ತಿಯ ಹಕ್ಕು ಅನ್ನಿಸಿಕೊಳ್ಳೋದಿಲ್ಲ ಅಂದಿದ್ದರು. ಮೇರ್‌ನಲ್ಲಿ ಹಾಗಲ್ಲ. ಅಲ್ಲಿ ಗಡಿ ಇದೆ, ತೋಟ ಇದೆ, ಇಂಥವರದೇ ಅನ್ನುವ ಒಡೆತನ ಇದೆ. ಇಂಗ್ಲಿಷ್ ಕಾನೂನಿನ ಕಣ್ಣಿಗೂ ಕಾಣುವಂಥ ಹಕ್ಕು.

1982ರ ಮೇ 20ರಂದು ಎಡ್ಡಿ ಮಾಬೊ, ಸ್ಯಾಮ್ ಪ್ಯಾಸಿ, ಡೇವಿಡ್ ಪ್ಯಾಸಿ, ಜೇಮ್ಸ್ ರೈಸ್ ಮತ್ತು ಸೆಲುಯಿಯಾ ಮಾಪೊ ಸಾಲೀ, ಈ ಐವರು ಆಸ್ಟ್ರೇಲಿಯಾದ ಹೈಕೋರ್ಟಿನಲ್ಲಿ ದಾವೆ ಹೂಡಿದರು. ಅಲ್ಲಿ ಹೈಕೋರ್ಟ್ ಅಂದರೆ ದೇಶದ ಅತಿ ದೊಡ್ಡ ನ್ಯಾಯಾಲಯ. ಕ್ವೀನ್ಸ್‌ಲ್ಯಾಂಡ್ ಸರ್ಕಾರ ಸುಮ್ಮನೆ ಕೂರಲಿಲ್ಲ. 1985ರಲ್ಲಿ ಒಂದು ಚುಟುಕು ಕಾಯ್ದೆ ಮಾಡಿ, 1879ರಲ್ಲಿ ದ್ವೀಪ ಸೇರಿಸಿಕೊಂಡ ದಿನವೇ ಅಲ್ಲಿನವರಿಗೆ ಹಕ್ಕು ಇದ್ದಿದ್ದರೆ ಅದೂ ಮುಗಿಯಿತು ಅಂತ ಬರೆದುಕೊಂಡಿತು. ನೂರು ವರ್ಷ ಹಿಂದಕ್ಕೆ ಹೋಗಿ, ಪರಿಹಾರವಿಲ್ಲದೆ ಹಕ್ಕು ಅಳಿಸುವ ಕಾಯ್ದೆ. ಅದು ಜನಾಂಗೀಯ ತಾರತಮ್ಯ ನಿಷೇಧದ ರಾಷ್ಟ್ರೀಯ ಕಾಯ್ದೆಗೆ ವಿರುದ್ಧ ಅಂತ ಹೈಕೋರ್ಟು 1988ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆ. ಒಬ್ಬ ನ್ಯಾಯಮೂರ್ತಿ ಆಚೆ ವಾಲಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಈ ಮೊಕದ್ದಮೆಯ ಅತಿ ನೋವಿನ ಭಾಗ ತೀರ್ಪಿನ ಸಂಭ್ರಮದಲ್ಲಿ ಮುಚ್ಚಿಹೋಗಿದೆ. ವಾಸ್ತವಾಂಶ ಏನು ಅಂತ ವಿಚಾರಿಸಿ ವರದಿ ಕೊಡೋಕೆ ಹೈಕೋರ್ಟು ಕ್ವೀನ್ಸ್‌ಲ್ಯಾಂಡಿನ ನ್ಯಾಯಾಧೀಶ ಮೊಯ್ನಿಹಾನ್ ಅವರಿಗೆ ಒಪ್ಪಿಸಿತ್ತು. ಮಾಬೊ ಸಾಕ್ಷಿಕಟ್ಟೆಗೆ ಹತ್ತಿದರು. ಅಜ್ಜ ಹೀಗೆ ತೋರಿಸಿದ್ದರು, ಅಪ್ಪ ಹೀಗೆ ಹೇಳಿದ್ದರು ಅಂದಾಗಲೆಲ್ಲ ಸರ್ಕಾರಿ ವಕೀಲರು ಎದ್ದು ನಿಲ್ಲುತ್ತಿದ್ದರು. ಸತ್ತವರು ಹೇಳಿದ್ದು ಸಾಕ್ಷ್ಯವಲ್ಲ, ಅದು ಬರೀ ಕೇಳಿದ ಮಾತು ಅನ್ನೋದು ಅವರ ಆಕ್ಷೇಪ. ಬರವಣಿಗೆಯೇ ಇಲ್ಲದ ಸಮಾಜದಲ್ಲಿ ಹಿರಿಯರ ಮಾತೇ ದಾಖಲೆ ಅನ್ನೋದನ್ನ ಸಾಕ್ಷ್ಯದ ನಿಯಮ ಅರಿಯದು. 1990ರಲ್ಲಿ ವರದಿ ಬಂತು. ಬೆನ್ನಿ ಮಾಬೊ ಅವರ ವಾರಸುದಾರನಾಗಿ ಎಡ್ಡಿ ಸಾಕುಮಗನಾಗಿದ್ದ ಅನ್ನೋದನ್ನೇ ನ್ಯಾಯಾಧೀಶರು ಒಪ್ಪಲಿಲ್ಲ. ಮಾಬೊ ಅವರ ಸ್ವಂತ ಜಮೀನಿನ ಹಕ್ಕು ಬಿದ್ದುಹೋಯಿತು.

ತಾನೇ ಶುರು ಮಾಡಿದ ಮೊಕದ್ದಮೆಯಲ್ಲಿ ತನ್ನನ್ನೇ ನಂಬಲಿಲ್ಲ ಅಂದಾಗ ಒಬ್ಬ ಮನುಷ್ಯನಿಗೆ ಏನಾಗಬಹುದು ಯೋಚಿಸಿ. ಮಾಬೊ ಕುಸಿದುಹೋದರು. ಆದರೆ ಮೊಕದ್ದಮೆ ಬಿಡಲಿಲ್ಲ. ಉಳಿದವರ ಸಾಕ್ಷ್ಯ ಗಟ್ಟಿಯಿತ್ತು. ದ್ವೀಪದ ಜನ ಒಟ್ಟಾಗಿ ಆ ನೆಲದ ಒಡೆಯರು ಅನ್ನೋ ವಾದ ಮುಂದುವರಿಯಿತು. ಅಷ್ಟರಲ್ಲಿ ಕ್ಯಾನ್ಸರ್ ಬಂದಿತ್ತು. 1992ರ ಜನವರಿ 21ರಂದು, 55ನೇ ವಯಸ್ಸಿನಲ್ಲಿ, ಎಡ್ಡಿ ಮಾಬೊ ತೀರಿಕೊಂಡರು.

ತೀರ್ಪು ಬಂದದ್ದು ನಾಲ್ಕೂವರೆ ತಿಂಗಳ ಮೇಲೆ, ಜೂನ್ 3ರಂದು. ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಮೇರಿಯಂ ಜನರ ಪರ. ಬ್ರಿಟಿಷರು ಬರುವ ಮುಂಚೆ ನೆಲ ಖಾಲಿಯಿರಲಿಲ್ಲ, ದೊರೆ ಬದಲಾದ ಮಾತ್ರಕ್ಕೆ ಜನರ ಹಕ್ಕು ಸಾಯೋದಿಲ್ಲ, ಅವರ ಪದ್ಧತಿಯ ಹಕ್ಕನ್ನು ದೇಶದ ಕಾನೂನು ಗುರುತಿಸಲೇಬೇಕು ಅಂತ ಕೋರ್ಟು ಹೇಳಿತು. ಇನ್ನೂರು ವರ್ಷದ ಸುಳ್ಳು ಅಧಿಕೃತವಾಗಿ ಬಿತ್ತು.

ಇಲ್ಲಿ ನಮ್ಮ ದೇಶಕ್ಕೂ ಒಂದು ಎಳೆ ಇದೆ. ಹೊಸ ದೊರೆ ಒಪ್ಪಿಕೊಂಡಷ್ಟೇ ಹಳೆಯ ಹಕ್ಕು ಉಳಿಯುತ್ತೆ ಅನ್ನೋ ವಾದವನ್ನು ಪ್ರಿವಿ ಕೌನ್ಸಿಲ್ 1924ರಲ್ಲಿ ಗಟ್ಟಿಯಾಗಿ ಹೇಳಿದ್ದು ಗುಜರಾತಿನ ಪಂಚಮಹಲ್ ಕಡೆಯ ಒಂದು ಭೂವ್ಯಾಜ್ಯದಲ್ಲಿ. ಮುಖ್ಯ ತೀರ್ಪು ಬರೆದ ನ್ಯಾಯಮೂರ್ತಿ ಬ್ರೆನನ್, ಭಾರತದಿಂದ ಬಂದ ಆ ವಾದವನ್ನು ಎದುರಿಗಿಟ್ಟುಕೊಂಡೇ ಬೇರೆ ದಾರಿ ಹಿಡಿದರು. ನಮ್ಮ ಸುಪ್ರೀಂ ಕೋರ್ಟು ಮಾತ್ರ ಸ್ವಾತಂತ್ರ್ಯದ ನಂತರವೂ, ಸಂಸ್ಥಾನಗಳ ವಿಲೀನದ ಪ್ರಕರಣಗಳಲ್ಲಿ, ಹಳೆಯ ವಾದವನ್ನೇ ಅನುಸರಿಸಿತು.

ಆದರೆ ಆಸ್ಟ್ರೇಲಿಯಾದಲ್ಲೂ ಗೆಲುವು ಅರ್ಧವೇ. ಸರ್ಕಾರ ಈಗಾಗಲೇ ಬೇರೆಯವರಿಗೆ ಪೂರ್ಣ ಹಕ್ಕಿನ ಮೇಲೆ ಕೊಟ್ಟುಬಿಟ್ಟ ನೆಲದಲ್ಲಿ ಮೂಲನಿವಾಸಿ ಹಕ್ಕು ಸತ್ತಂತೆ ಅಂತ ಅದೇ ತೀರ್ಪು ಹೇಳಿತ್ತು. ಒಳ್ಳೆಯ ನೆಲವೆಲ್ಲ ಹಾಗೇ ಹೋಗಿತ್ತು. ಉಳಿದ ಕಡೆ, ಬ್ರಿಟಿಷರು ಬಂದ ದಿನದಿಂದ ಇವತ್ತಿನವರೆಗೆ ತಮ್ಮ ಪದ್ಧತಿ ಕಡಿಯದೆ ಉಳಿದಿದೆ ಅಂತ ಜನರೇ ಸಾಬೀತು ಮಾಡಬೇಕು. ಇದು ಎಲ್ಲಿಗೆ ಮುಟ್ಟಿತು ನೋಡಿ. ಮರ್ರೆ ನದಿ ಕಡೆಯ ಯೊರ್ಟಾ ಯೊರ್ಟಾ ಜನರ ದಾವೆಯಲ್ಲಿ 1998ರಲ್ಲಿ ನ್ಯಾಯಾಧೀಶರು, ಜನರ ಮಾತಿಗಿಂತ 19ನೇ ಶತಮಾನದ ಒಬ್ಬ ಬಿಳಿಯ ಜಮೀನ್ದಾರ ಬರೆದಿಟ್ಟದ್ದಕ್ಕೆ ಹೆಚ್ಚು ತೂಕ ಕೊಟ್ಟರು. ಬದುಕೋಕೆ ಸ್ವಲ್ಪ ನೆಲ ಕೊಡಿ ಅಂತ ಆ ಜನರ ಹಿರಿಯರು 1881ರಲ್ಲಿ ಗವರ್ನರಿಗೆ ಬರೆದ ಮನವಿಯನ್ನೇ, ಅವರು ಹಳೆಯ ಪದ್ಧತಿ ಬಿಟ್ಟಿದ್ದರು ಅನ್ನೋದಕ್ಕೆ ಪುರಾವೆ ಮಾಡಿಕೊಂಡರು. 2002ರಲ್ಲಿ ಹೈಕೋರ್ಟಿನಲ್ಲೂ ಅವರು ಸೋತರು. ಒಕ್ಕಲೆಬ್ಬಿಸಿದವರೇ ನೀವು ಒಕ್ಕಲಿಲ್ಲವಲ್ಲ ಅಂತ ಕೇಳಿದ ಹಾಗೆ.

ಈಗ ಹಾಡಿಯ ವಿಷಯಕ್ಕೆ ಬರ್ತೇನೆ. ಯೊರ್ಟಾ ಯೊರ್ಟಾ ಕತೆ ಓದಿದಾಗ ನನಗೆ ನೆನಪಾದದ್ದು ಒಬ್ಬ ಜೇನು ಕುರುಬ ಅಜ್ಜ. ಅರಣ್ಯ ಹಕ್ಕು ಕಾಯ್ದೆಯಡಿ ಅವರ ಅರ್ಜಿಯನ್ನು ನಾನೇ ಬರೆದುಕೊಟ್ಟಿದ್ದೆ. ಸಂಬಂಧಪಟ್ಟ ಕಚೇರಿಗೆ ಅವರ ಜೊತೆ ಹೋದೆ. ಮೇಜಿನ ಆಚೆಗಿದ್ದವರು ಕೇಳಿದ್ದು ಒಂದೇ. ಹಳೆಯ ದಾಖಲೆ ಎಲ್ಲಿ? ಅಜ್ಜ ತಮ್ಮ ತಾಯಿಯನ್ನು ಮಣ್ಣು ಮಾಡಿದ ಜಾಗ ಹೇಳಿದರು, ಪೂಜೆಯ ಮರ ಹೇಳಿದರು, ಜೇನು ಕಟ್ಟುವ ಮರಗಳು ಯಾವ ಮನೆಯವರದು ಅಂತ ಹೇಳಿದರು. ಅದೆಲ್ಲ ಬೇಡ ಯಜಮಾನರೇ, ಕಾಗದ ತನ್ನಿ ಅಂತ ಕಳಿಸಿದರು. ಆಮೇಲೆ ಬಂದ ಹಿಂಬರಹದಲ್ಲಿ ಒಂದೇ ಸಾಲು, ಸೂಕ್ತ ದಾಖಲೆ ಇಲ್ಲದ ಕಾರಣ ತಿರಸ್ಕರಿಸಿದೆ.

ಕಾಡಿನಲ್ಲಿದ್ದವರ ಹತ್ತಿರ ಕಾಗದ ಯಾಕಿಲ್ಲ ಅನ್ನೋದಕ್ಕೂ ವಸಾಹತು ಕಾನೂನೇ ಉತ್ತರ. 1878ರ ಅರಣ್ಯ ಕಾಯ್ದೆ ರೂಪುಗೊಳ್ಳುವಾಗ ಬೇಡನ್ ಪವೆಲ್ ಎಂಬ ಅಧಿಕಾರಿಯ ವಾದ ಗೆದ್ದಿತು. ದೊರೆ ಬರೆದುಕೊಡದ ಹೊರತು ಕಾಡಿನ ಬಳಕೆ ಹಕ್ಕಲ್ಲ, ಸರ್ಕಾರ ಕೊಟ್ಟ ರಿಯಾಯಿತಿ ಅನ್ನೋದು ಆ ವಾದ. ಮೇರ್ ದ್ವೀಪವನ್ನು ಅಲ್ಲಿನವರಿಗೇ ಮೀಸಲಿಟ್ಟ ಔದಾರ್ಯಕ್ಕೂ ಇದಕ್ಕೂ ವ್ಯತ್ಯಾಸ ನನಗೆ ಕಾಣೋದಿಲ್ಲ. 2006ರಲ್ಲಿ ನಮ್ಮ ಸಂಸತ್ತು ಇದನ್ನು ಐತಿಹಾಸಿಕ ಅನ್ಯಾಯ ಅಂತ ಕಾಯ್ದೆಯ ಪೀಠಿಕೆಯಲ್ಲೇ ಒಪ್ಪಿಕೊಂಡಿತು. ಆದರೂ 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಿ ಅಂತ ಸುಪ್ರೀಂ ಕೋರ್ಟಿನಿಂದ ಆದೇಶ ಬಂತು. ದೇಶದೆಲ್ಲೆಡೆ ಗದ್ದಲವಾಗಿ ಎರಡು ವಾರದಲ್ಲಿ ಅದಕ್ಕೆ ತಡೆ ಸಿಕ್ಕಿತು. ತಡೆ ಅಷ್ಟೇ.

ಸಿಟ್ಟು ಬರೋದು ಯಾಕೆ ಅಂದರೆ, ಮಾಬೊ ಅವರಿಗೆ ಇಲ್ಲದ ಒಂದು ಅನುಕೂಲ ಆ ಅಜ್ಜನಿಗಿದೆ. ನಮ್ಮ ಅರಣ್ಯ ಹಕ್ಕು ನಿಯಮಗಳ 13ನೇ ನಿಯಮ, ಸಮಾಧಿ ಸ್ಥಳ, ಹಳೆಯ ಬಾವಿ, ಪೂಜಾ ಸ್ಥಳಗಳನ್ನು ಪುರಾವೆ ಅಂತ ಹೆಸರಿಸಿ ಹೇಳುತ್ತೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆಯೇ. ಇಂಥದೇ ಕಾಗದ ಬೇಕು ಅಂತ ಹಠ ಹಿಡಿಯಬಾರದು ಅಂತ 2012ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿದೆ. ಅಂದರೆ ಮಾಬೊ ಅವರನ್ನು ಸಾಕ್ಷಿಕಟ್ಟೆಯಲ್ಲಿ ಸೋಲಿಸಿದ ನಿಯಮವನ್ನು ನಾವು ಕಾಗದದಲ್ಲಿ ತೆಗೆದುಹಾಕಿದ್ದೇವೆ. ಕಚೇರಿಯ ಮೇಜಿನ ಮೇಲೆ ಅದು ಇನ್ನೂ ಜೀವಂತ ಇದೆ. ನಾವು ಕೇಳಬೇಕಾಗಿರೋದು ಹೊಸ ಕಾಯ್ದೆಯನ್ನಲ್ಲ. ತಿರಸ್ಕರಿಸಿದ ಒಂದೊಂದು ಅರ್ಜಿಯನ್ನೂ 13ನೇ ನಿಯಮ ಮುಂದಿಟ್ಟುಕೊಂಡು ಮತ್ತೆ ನೋಡಿ ಅಂತ ಗ್ರಾಮಸಭೆಗಳು ಪಟ್ಟು ಹಿಡಿಯಬೇಕು. ನೆಲ ನೋಡದೆ, ಹಿರಿಯರನ್ನು ಕೇಳದೆ ಬರೆದ ಹಿಂಬರಹಗಳನ್ನು ವಾಪಸ್ ಕಳಿಸಬೇಕು.

ಮಾಬೊ ಅವರ ಕತೆ ಸಾವಿನ ನಂತರವೂ ನಿಲ್ಲಲಿಲ್ಲ. 1995ರ ಜೂನ್ 3ರಂದು ಟೌನ್ಸ್‌ವಿಲ್‌ನಲ್ಲಿ ಅವರ ಸಮಾಧಿಗೆ ಕಲ್ಲು ನಿಲ್ಲಿಸಿ ಊರವರೆಲ್ಲ ಹಬ್ಬ ಮಾಡಿದರು. ಆ ರಾತ್ರಿಯೇ ಯಾರೋ ಕಲ್ಲಿನ ಮೇಲೆ ನಾಜಿ ಚಿಹ್ನೆ, ಜನಾಂಗೀಯ ಬೈಗುಳ ಬಳಿದು, ಅವರ ಮುಖದ ಕಂಚಿನ ಫಲಕ ಕಿತ್ತುಕೊಂಡು ಹೋದರು. ಕುಟುಂಬ ಶವಪೆಟ್ಟಿಗೆಯನ್ನು ಮೇಲೆತ್ತಿಸಿ ಅದೇ ಸೆಪ್ಟೆಂಬರಿನಲ್ಲಿ ಮೇರ್‌ಗೆ ತಂದಿತು. ಹಿಂದೊಮ್ಮೆ ಅನುಮತಿ ಸಿಗದ ದ್ವೀಪಕ್ಕೆ ಈ ಸಲ ಯಾರನ್ನೂ ಕೇಳಬೇಕಾಗಿರಲಿಲ್ಲ. ಹುಟ್ಟಿದ ಊರು ಲಾಸ್‌ನಲ್ಲೇ ಮತ್ತೆ ಮಣ್ಣು ಮಾಡಿದರು. ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಟೌನ್ಸ್‌ವಿಲ್ ಲೈಬ್ರರಿಗೆ 2008ರಿಂದ ಅಲ್ಲಿನ ಹಳೆಯ ಮಾಲಿಯ ಹೆಸರಿದೆ. 2023ರ ಅಕ್ಟೋಬರಿನಲ್ಲಿ, ಮೂಲನಿವಾಸಿಗಳಿಗೆ ಸಂಸತ್ತಿನ ಮುಂದೆ ಒಂದು ದನಿ ಇರಲಿ ಎಂಬ ಸಂವಿಧಾನ ತಿದ್ದುಪಡಿಯನ್ನು ಅದೇ ದೇಶದ ಆರೂ ರಾಜ್ಯಗಳ ಮತದಾರರು ತಿರಸ್ಕರಿಸಿದರು.

ಹಾಡಿಯ ಅಜ್ಜನ ಮೇಲ್ಮನವಿ ಇನ್ನೂ ಇತ್ಯರ್ಥವಾಗಿಲ್ಲ. ಹೋದ ಸಲ ಹೋದಾಗ, ಅರ್ಜಿ ಏನಾಯಿತು ಅಂತ ಕೇಳದೆ, ತಾಯಿಯ ಸಮಾಧಿ ತೋರಿಸ್ತೀನಿ ಬಾ ಅಂತ ಕರೆದುಕೊಂಡು ಹೋದರು. ಈ ಸಲ ನಾನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ, ಪಕ್ಕದ ಹಾಡಿಯ ಇಬ್ಬರು ಹಿರಿಯರ ಹೇಳಿಕೆ ಬರೆದುಕೊಂಡೆ, ಹೆಬ್ಬೆಟ್ಟು ಹಾಕಿಸಿಕೊಂಡೆ. ಮೇಲೆ 13ನೇ ನಿಯಮದ ಪ್ರತಿ ಲಗತ್ತಿಸಿ ಕೊಟ್ಟು ಬಂದಿದ್ದೇನೆ.